ಸಲ್ಲಿವನ್ ಸಾಹೇಬರ ಊರಿಗೆ ಪ್ರಯಾಣ

ನಮ್ಮ ಬೈಲಕುಪ್ಪೆಗೆ ಬರುವ ಯಾತ್ರಿಕರು ಸ್ವರ್ಣಮಂದಿರವನ್ನು ನೋಡಿಕೊಂಡು ಹೊರಬಂದ ಮೇಲೆ, ಹಾದಿಯ ಬದಿಯಲ್ಲಿ ನನ್ನಂತಹ ನರೆಗೂದಲಿನವನು ಯಾವನಾದರೂ ಕಂಡರೆ, "ಈ ಊರನ್ನು ಕಟ್ಟಿದವರು ಯಾರು?" ಎಂದು ಕೇಳುವುದುಂಟು. ಅವರು ಕೇಳುವುದು ಟಿಬೆಟ್ಟಿನವರ ವಸತಿಯನ್ನು ಕುರಿತು. ತಮ್ಮ ದೇಶವನ್ನು ಬಿಟ್ಟು ಬಂದ ಆ ಜನರಿಗೆ ೧೯೬೦-೬೧ರ ವೇಳೆಗೆ ಆಗಿನ ಮೈಸೂರು ಸರ್ಕಾರವು ಸುಮಾರು ೩,೦೦೦ ಎಕರೆ ಭೂಮಿಯನ್ನು ಕೊಟ್ಟಿತೆಂದೂ, ಅವರು ಗಿಡಗಂಟಿಗಳನ್ನು ಸವರಿ ಮುಸುಕಿನ ಜೋಳವನ್ನು ಬಿತ್ತಿ ಊರು ಮಾಡಿಕೊಂಡರೆಂದೂ ನಾನು ಹೇಳುತ್ತೇನೆ. "ಅದಕ್ಕೆ ಮೊದಲು ಇಲ್ಲಿ ಏನಿತ್ತು?" ಎಂದು ಕೇಳಿದವರಿಗೆ "ಕಾಡು" ಎಂದು ಉತ್ತರ. ಇಷ್ಟು ವರ್ಷ ಆ ಉತ್ತರದಲ್ಲಿ ನನಗೆ ಯಾವ ಕೊರತೆಯೂ ತೋರಿರಲಿಲ್ಲ.

ಕಳೆದ ಪುಷ್ಯಮಾಸದಲ್ಲಿ ಮನೆಯ ಅಟ್ಟವನ್ನು ಶುಚಿಮಾಡುತ್ತಿದ್ದಾಗ ನನ್ನ ಹಳೆಯ ಪ್ರಶ್ನೆಪುಸ್ತಕವೊಂದು ಕೈಗೆ ಸಿಕ್ಕಿತು. ನಾನು ಸಂಸ್ಕೃತವನ್ನು ಓದಿದವನಾದರೂ, ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯನಾದವನು ಎಲ್ಲವನ್ನೂ ಬೋಧಿಸಬೇಕಾಗುವುದರಿಂದ, ಸಾಮಾನ್ಯಜ್ಞಾನದ ಪರೀಕ್ಷೆಯೂ ನನ್ನ ಪಾಲಿಗೇ ಇತ್ತು. ಆ ಪುಸ್ತಕದ ನಡುವಿನ ಒಂದು ಪುಟದಲ್ಲಿ ನನ್ನ ಕೈಬರಹದಲ್ಲಿಯೇ ಹೀಗಿದ್ದಿತು: "ನೀಲಗಿರಿಯನ್ನು ಕಂಡುಹಿಡಿದವನು ಯಾರು? ಒಂದು ಅಂಕ. ಉತ್ತರ: ಜಾನ್ ಸಲ್ಲಿವನ್." ಇದನ್ನು ಓದಿದೊಡನೆ ಮೂವತ್ತು ವರ್ಷಗಳ ಹಿಂದಿನ ಒಂದು ಮಧ್ಯಾಹ್ನವು ನೆನಪಿಗೆ ಬಂದಿತು. ಆಗ ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆನು. ಕಾಡಂಚಿನ ಹಾಡಿಯಿಂದ ಬರುತ್ತಿದ್ದ ಜೇನುಕುರುಬರ ಹುಡುಗನೊಬ್ಬನು ಆ ಪ್ರಶ್ನೆಗೆ, "ಅಲ್ಲಿ ಮೊದಲಿಂದ ಎಮ್ಮೆ ಮೇಯಿಸುತ್ತಿದ್ದವರು" ಎಂದು ಬರೆದಿದ್ದನು. ನಾನು ಕೆಂಪು ಮಸಿಯಲ್ಲಿ ತಪ್ಪುಗುರುತು ಹಾಕಿ ಸೊನ್ನೆ ಕೊಟ್ಟೆನು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿದ್ದಿತು. ಅವನು ಮೇಜಿನ ಬಳಿಗೆ ಬಂದು, "ಅವರು ಇದ್ದರಲ್ಲ ಸಾರ್" ಎಂದಾಗ, "ಹಾಗಾದರೆ ಸಲ್ಲಿವನ್ ಸಾಹೇಬ ಏನು ಎಮ್ಮೆಯ ಬಾಲ ಹಿಡಿದುಕೊಂಡು ಬೆಟ್ಟ ಹತ್ತಿದನೇನಯ್ಯಾ?" ಎಂದುಬಿಟ್ಟೆನು. ತರಗತಿಯೆಲ್ಲ ನಕ್ಕಿತು. ಹುಡುಗನು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ತನ್ನ ಜಾಗಕ್ಕೆ ಹೋದನು. ಮಾರನೆಯ ವರ್ಷ ಅವನು ಶಾಲೆಗೆ ಬರಲಿಲ್ಲ. ಹಾಡಿಯ ಮಕ್ಕಳು ಶಾಲೆ ಬಿಡುವುದಕ್ಕೆ ಬೇರೆ ಕಾರಣಗಳು ಎಷ್ಟೋ ಇರುತ್ತವೆ; ಆದರೂ ಆ ನಗುವು ಕಾರಣಗಳಲ್ಲಿ ಒಂದಾಗಿರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಉದಕಮಂಡಲದಲ್ಲಿ ಸಲ್ಲಿವನ್ ಸಾಹೇಬರಿಗೆ ಪ್ರತಿಮೆಯನ್ನು ನಿಲ್ಲಿಸಿರುವರೆಂದು ಪತ್ರಿಕೆಯಲ್ಲಿ ಓದಿದ್ದೆನು. ಯಾರ ಹೆಸರನ್ನು ಇಷ್ಟು ವರ್ಷ ಮಕ್ಕಳ ಬಾಯಲ್ಲಿ ಹೇಳಿಸಿದೆನೋ ಅವರನ್ನೊಮ್ಮೆ ಅವರ ಊರಿನಲ್ಲಿಯೇ ನೋಡಿಬರಬೇಕೆಂಬ ಮನಸ್ಸಾಯಿತು. ಮನೆಯಾಕೆಯೂ ಹೊರಟಳು. "ಮದುವೆಯಾದಾಗಿನಿಂದ ಊಟಿ ತೋರಿಸುತ್ತೇನೆ ಎನ್ನುತ್ತಿದ್ದೀರಿ. ಆ ಸಾಹೇಬನ ಪುಣ್ಯದಿಂದಲಾದರೂ ಆಗಲಿ" ಎಂದಳು.

ಮೈಸೂರಿನವರೆಗಿನ ಹಾದಿಯನ್ನು ವಾಚಕರು ಬಲ್ಲರು. ಅಲ್ಲಿಂದ ಬೆಳಗಿನ ಬಸ್ಸಿನಲ್ಲಿ ನಂಜನಗೂಡು, ಗುಂಡ್ಲುಪೇಟೆಗಳನ್ನು ದಾಟಿದೆವು. ಬಂಡೀಪುರದ ಕಾಡಿನ ರಸ್ತೆಯನ್ನು ರಾತ್ರಿ ೯ ಗಂಟೆಯಿಂದ ಬೆಳಗ್ಗೆ ೬ರವರೆಗೆ ಮುಚ್ಚುವ ನಿಯಮವು ೨೦೦೯ರಿಂದ ಇರುವುದರಿಂದ, ಈ ಪ್ರಯಾಣವು ಹಗಲಿನಲ್ಲಿಯೇ ಆಗತಕ್ಕದ್ದು. ಅದೇ ಲೇಸು, ಏಕೆಂದರೆ ಗುಂಡ್ಲುಪೇಟೆಯನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ದಕ್ಷಿಣದ ಅಂಚಿನಲ್ಲಿ ನೀಲಗಿರಿಯ ಸಾಲು ಕಾಣಿಸಿಕೊಳ್ಳುತ್ತದೆ. ದೂರದಿಂದ ಅದು ಬೆಟ್ಟವೆಂದು ತೋರುವುದಿಲ್ಲ. ಆಕಾಶದ ಬುಡದಲ್ಲಿ ಯಾರೋ ನೀಲಿಯ ನೀರನ್ನು ಚೆಲ್ಲಿ ಒರೆಸದೆ ಬಿಟ್ಟಂತೆ ಇರುತ್ತದೆ.

ಆ ನೀಲಿಯನ್ನು ನೋಡುತ್ತಿದ್ದ ನನಗೆ ಚಾಮರಾಜನಗರದ ಒಂದು ಶಾಸನವು ನೆನಪಿಗೆ ಬಂದಿತು. ನನ್ನ ಸೇವೆಯ ಕೆಲವು ವರ್ಷಗಳು ಆ ಊರಿನಲ್ಲಿ ಕಳೆದವು. ಅದರ ಪೂರ್ವದ ಹೆಸರು ಅರಿಕೊಠಾರ. ಮುಮ್ಮಡಿ ಕೃಷ್ಣರಾಜ ಒಡೆಯರವರು ತಮ್ಮ ತಂದೆಯವರ ನೆನಪಿಗಾಗಿ ೧೮೧೮ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟರು. ಅಲ್ಲಿನ ಪಾರ್ಶ್ವನಾಥ ಬಸದಿಯ ಬಳಿಯಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನ ಶಾಸನವಿದೆ. ಕಾಲವು ಕ್ರಿ.ಶ. ೧೧೧೭. ಪುಣಿಸನು ತೊದವರನ್ನು ಬೆದರಿಸಿದನೆಂದೂ ನೀಲಾದ್ರಿಯನ್ನು ಸ್ವಾಧೀನಪಡಿಸಿಕೊಂಡನೆಂದೂ ಅದರಲ್ಲಿ ಹೊಗಳಿದ್ದಾರೆ. ತೊದವರೆಂದರೆ ಈಗ ನಾವು ತೋಡರೆಂದು ಕರೆಯುವ ಜನ. ಅವರ ಹೆಸರು ಬರಹದಲ್ಲಿ ಮೊದಲು ಕಾಣುವುದು ಈ ಕನ್ನಡ ಶಿಲೆಯ ಮೇಲೆಯೇ. ನಾನು ಆ ಶಾಸನವನ್ನು ಅಕ್ಷರವಿಟ್ಟು ಓದಿದವನು. ಅದರ ಸಮಾಸಗಳನ್ನು ಬಿಡಿಸಿ ಸ್ನೇಹಿತರಿಗೆ ವಿವರಿಸಿದವನು. ಸಲ್ಲಿವನ್ ಸಾಹೇಬರು ಹುಟ್ಟುವುದಕ್ಕೆ ಆರುನೂರ ಎಪ್ಪತ್ತು ವರ್ಷ ಮೊದಲೇ ಆ ಬೆಟ್ಟದಲ್ಲಿ ಜನರಿದ್ದರೆಂದು ನನ್ನ ಕಣ್ಣೆದುರಿಗೇ ಕೊರೆದಿದ್ದರೂ, ಪ್ರಶ್ನೆಪುಸ್ತಕದ ಉತ್ತರವನ್ನು ತಿದ್ದಬೇಕೆಂದು ನನಗೆ ಹೊಳೆಯಲಿಲ್ಲ. ಶಾಸನವು ಪಾಂಡಿತ್ಯದ ಕಪಾಟಿನಲ್ಲಿಯೂ ಪಾಠವು ಹೊಟ್ಟೆಪಾಡಿನ ಕಪಾಟಿನಲ್ಲಿಯೂ ಇದ್ದುವು.

ಗೂಡಲೂರಿನಿಂದ ಘಟ್ಟವೇರತೊಡಗಿದ ಬಸ್ಸು ನಡುವಟ್ಟ, ಪೈಕಾರಗಳನ್ನು ಹಾದು ಮಧ್ಯಾಹ್ನಕ್ಕೆ ಉದಕಮಂಡಲವನ್ನು ಸೇರಿತು. ಸಮುದ್ರಮಟ್ಟದಿಂದ ಸುಮಾರು ೨,೨೪೦ ಮೀಟರು ಎತ್ತರ, ಜನವರಿಯ ಚಳಿ. ಮನೆಯಾಕೆಯು ತಂದಿದ್ದ ಎರಡು ಶಾಲುಗಳಲ್ಲಿ ಒಂದನ್ನು ನಾನು ಬೇಡವೆಂದಿದ್ದವನು, ಬಸ್ಸು ಇಳಿಯುವ ಮೊದಲೇ ಕೇಳಿ ಹೊದೆದುಕೊಂಡೆನು.

ಪ್ರತಿಮೆಯು ಸಸ್ಯೋದ್ಯಾನಕ್ಕೆ ಹೋಗುವ ರಸ್ತೆಯಲ್ಲಿದೆ. ಊರಿಗೆ ೨೦೦ ವರ್ಷ ತುಂಬಿತೆಂದು ೨೦೨೨ರ ಮೇ ತಿಂಗಳಲ್ಲಿ ತಮಿಳುನಾಡಿನ ಮುಖ್ಯಮಂತ್ರಿಗಳಾದ ಶ್ರೀ ಎಂ. ಕೆ. ಸ್ಟಾಲಿನ್‌ರವರು ಅದನ್ನು ಅನಾವರಣ ಮಾಡಿದರು. ಎದೆಯವರೆಗಿನ ಪ್ರತಿಮೆ. ಪರದೇಶದವನೊಬ್ಬನಿಗೆ, ಅದೂ ಕಂಪೆನಿಯ ಕಲೆಕ್ಟರನಾಗಿದ್ದವನಿಗೆ, ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷಗಳಾದ ಮೇಲೆ ನಮ್ಮವರೇ ಪ್ರತಿಮೆಯನ್ನು ಎತ್ತುವುದು ಅಪೂರ್ವವೇ ಸರಿ. ಅದರ ಮುಂದೆ ಇಬ್ಬರು ಹುಡುಗರು ಹುರಿದ ಕಡಲೆಕಾಯಿಯನ್ನು ತಿನ್ನುತ್ತ ನಿಂತಿದ್ದರು. ಯಾರ ಪ್ರತಿಮೆಯೆಂದು ಕೇಳಿದೆನು. "ಊಟಿಯನ್ನು ಕಂಡುಹಿಡಿದ ದೊರೆ" ಎಂದು ಒಬ್ಬನು ಹೇಳಿದನು. ನನಗೆ ನನ್ನ ತರಗತಿಯಲ್ಲಿಯೇ ನಿಂತಂತಾಯಿತು. ಸರಿಯುತ್ತರ, ಒಂದು ಅಂಕ.

ಜಾನ್ ಸಲ್ಲಿವನ್ ಸಾಹೇಬರು ೧೭೮೮ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಹದಿನೈದು-ಹದಿನಾರರ ಪ್ರಾಯದಲ್ಲಿಯೇ ಕಂಪೆನಿಯ ಗುಮಾಸ್ತರಾಗಿ ಮದರಾಸಿಗೆ ಬಂದವರು. ೧೮೧೫ರಿಂದ ೧೮೩೦ರವರೆಗೆ ಕೊಯಮತ್ತೂರಿನ ಕಲೆಕ್ಟರಾಗಿದ್ದರು. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಬಿದ್ದ ಮೇಲೆ ನೀಲಗಿರಿಯು ಮೈಸೂರಿನ ಕೈಬಿಟ್ಟು ಕಂಪೆನಿಯ ಪಾಲಾಗಿದ್ದಿತು. ೧೮೧೨ರಲ್ಲಿ ಕೀಸ್ ಮತ್ತು ಮ್ಯಾಕ್‌ಮಹನ್ ಎಂಬವರು ಬೆಟ್ಟವನ್ನು ಅಳೆದು ಹೋಗಿದ್ದರು. ಅದಕ್ಕೂ ಎರಡು ಶತಮಾನ ಹಿಂದೆ, ೧೬೦೩ರಲ್ಲಿ, ಫೆನೀಚಿಯೋ ಎಂಬ ಪಾದ್ರಿಯು ಮಲೆಯಾಳದ ಕಡೆಯಿಂದ ಹತ್ತಿಬಂದು ತೋಡರನ್ನು ಕಂಡು ಬರೆದಿಟ್ಟಿದ್ದನು. ೧೮೧೮ರಲ್ಲಿ ಸಲ್ಲಿವನ್ನರ ಕೈಕೆಳಗಿನ ವ್ಹಿಶ್, ಕಿಂಡರ್ಸ್ಲಿ ಎಂಬ ಇಬ್ಬರು ತರುಣರು ಮೇಲೆ ಹೋಗಿಬಂದು ಅಲ್ಲಿನ ಹವೆಯನ್ನು ಕೊಂಡಾಡಿದರು. ಹೊಗೆಸೊಪ್ಪಿನ ಕಳ್ಳಸಾಗಣೆದಾರರನ್ನು ಅಟ್ಟಿಕೊಂಡು ಹೋದ ಇವರಿಗೆ ಆ ಪ್ರಸ್ಥಭೂಮಿ ಕಂಡಿತೆಂದು ಕಥೆ. ನಮ್ಮ ಪಿರಿಯಾಪಟ್ಟಣ ತಾಲ್ಲೂಕು ಹೊಗೆಸೊಪ್ಪನ್ನೇ ನಂಬಿ ಬದುಕುವುದರಿಂದ ಈ ಕಥೆಯನ್ನು ಪಾಠದಲ್ಲಿ ಹೇಳುವಾಗ ನನಗೆ ವಿಶೇಷ ಉತ್ಸಾಹವಿರುತ್ತಿದ್ದಿತು. ೧೮೧೯ರ ಜನವರಿಯಲ್ಲಿ ಸಲ್ಲಿವನ್ನರು ತಾವೇ ಬೆಟ್ಟವನ್ನೇರಿದರು. ಇದೇ ಚಳಿಯಲ್ಲಿಯೇ ಅವರೂ ಬಂದಿರಬೇಕು.

ಉದ್ಯಾನವು ೧೮೪೮ರಲ್ಲಿ ಆರಂಭವಾದುದು. ದೊಡ್ಡಬೆಟ್ಟದ ತಪ್ಪಲಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಮ್ಯಾಕ್‌ಐವರ್ ಎಂಬ ತೋಟಗಾರನು ಅದನ್ನು ರೂಪಿಸಿದನು. ಹೂವಿನ ಕಾಲವಲ್ಲದ್ದರಿಂದ ಜನಸಂದಣಿ ಇರಲಿಲ್ಲ. ಅಲ್ಲಿಟ್ಟಿರುವ, ಎರಡು ಕೋಟಿ ವರ್ಷಗಳಷ್ಟು ಹಳೆಯದೆನ್ನುವ ಕಲ್ಲಾದ ಮರದ ಕಾಂಡವನ್ನು ನೋಡಿದೆವು. ಹುಲ್ಲಿನ ಮೇಲೆ ಕುಳಿತು ಮನೆಯಿಂದ ತಂದಿದ್ದ ಚಪಾತಿಯನ್ನು ತಿಂದೆವು.

ಇಲ್ಲಿಯೇ ನನ್ನ ಎರಡನೆಯ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. 'ಉದಕಮಂಡಲ'ವೆಂಬ ಶಬ್ದವನ್ನು ನಾನು ಬಹುಕಾಲ ಉದಕಸ್ಯ ಮಂಡಲಂ, ನೀರಿನ ವಲಯ, ಎಂದು ವಿಗ್ರಹಿಸಿ ಹೇಳುತ್ತಿದ್ದೆನು. ಊರಿನ ನಡುವೆ ಕೆರೆಯಿರುವಾಗ ಇದಕ್ಕಿಂತ ಸೊಗಸಾದ ವ್ಯುತ್ಪತ್ತಿ ಮತ್ತೇನಿದ್ದೀತು? ಆದರೆ ಆ ಕೆರೆಯನ್ನು ಕಟ್ಟಿಸಿದವರು ಸಲ್ಲಿವನ್ ಸಾಹೇಬರೇ, ೧೮೨೩ರಿಂದ ೧೮೨೫ರೊಳಗೆ. ಹೆಸರಾದರೋ ಕೆರೆಗಿಂತ ಮೊದಲೇ ಇದ್ದಿತು: ೧೮೨೧ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಕಾಗದದಲ್ಲಿ 'ವೊಟೊಕಿಮಂಡ್' ಎಂದಿದೆ. ಮಂದು ಎಂಬುದು ತೋಡರ ಎಮ್ಮೆಹಟ್ಟಿ. ಒತ್ತಕಲ್ ಎಂಬುದನ್ನು ಒಂಟಿಕಲ್ಲೆಂದು ಅರ್ಥಮಾಡುತ್ತಾರೆ. ಒಂಟಿಕಲ್ಲಿನ ಮಂದನ್ನು ನಾನು ಸಂಸ್ಕೃತದ ನೀರಿನಲ್ಲಿ ಅದ್ದಿ ಮಂಡಲವನ್ನಾಗಿ ಮಾಡಿದೆನು. ಇದು ನನ್ನೊಬ್ಬನ ಅಪರಾಧವಲ್ಲವೆಂಬುದೊಂದೇ ಸಮಾಧಾನ.

ಮಾರನೆಯ ದಿನ ಕೋತಗಿರಿಗೆ ಹೋದೆವು. ಇದೂ ಮೂಲದಲ್ಲಿ ಕೋತರ ಕೇರಿ; ಕೋತರು ಕುಂಬಾರಿಕೆ, ಕಮ್ಮಾರಿಕೆ, ವಾದ್ಯಗಳಲ್ಲಿ ನಿಪುಣರಾದ ಬೆಟ್ಟದ ಜನ. ಉದಕಮಂಡಲದಿಂದ ಸುಮಾರು ೩೦ ಕಿಲೋಮೀಟರು. ಕೋತಗಿರಿಯಿಂದ ಎರಡು ಕಿಲೋಮೀಟರಿನಷ್ಟು ದೂರದ ಕನ್ನೇರಿಮುಕ್ಕು ಎಂಬ ಹಟ್ಟಿಯಲ್ಲಿ, ಸಲ್ಲಿವನ್ ಸಾಹೇಬರು ೧೮೧೯ರಲ್ಲಿ ಬೆಟ್ಟದ ಮೇಲೆ ಕಟ್ಟಿದ ಮೊದಲನೆಯ ಮನೆಯಿದೆ. ಪೆತ್ತಕಲ್ ಬಂಗಲೆಯೆಂದು ಹೆಸರು. ಕೆಂಪು ಬಣ್ಣದ ಮಹಡಿಯ ಮನೆ. ಸುತ್ತಲೂ ಇಳಿಜಾರಿನಲ್ಲಿ ಚಹಾದ ತೋಟಗಳು. ಬಹುಕಾಲ ಪಾಳುಬಿದ್ದಿದ್ದ ಇದನ್ನು ಈ ಶತಮಾನದ ಆರಂಭದಲ್ಲಿ ದುರಸ್ತಿಮಾಡಿ ಸ್ಮಾರಕವನ್ನಾಗಿ ಮಾಡಿದ್ದಾರೆ. ಒಳಗೆ ನೀಲಗಿರಿಯ ಹಳೆಯ ಚಿತ್ರಗಳನ್ನೂ ಬೆಟ್ಟದ ಜನರ ಬಾಳಿನ ವಿವರಗಳನ್ನೂ ಸಂಗ್ರಹಿಸಿಟ್ಟಿರುತ್ತಾರೆ. ಪಟ್ಟಣದ ಪ್ರತಿಮೆಗಿಂತ ನನಗೆ ಈ ಮನೆಯು ಹೆಚ್ಚು ಮೆಚ್ಚಿಗೆಯಾಯಿತು. ಪ್ರತಿಮೆಗೆ ಹಿಂಬದಿಯಿಲ್ಲ, ಮನೆಗಾದರೆ ಅಡಿಗೆಯ ಮೂಲೆ, ಕಿಟಕಿ, ಮೆಟ್ಟಿಲು, ಮೆಟ್ಟಿಲಿನ ಮೇಲೆ ಸವೆತ, ಎಲ್ಲವೂ ಇರುತ್ತವೆ. ಮಹಡಿಯ ಕಿಟಕಿಯಿಂದ ಕಣಿವೆಯನ್ನು ನೋಡಿದಾಗ, ಬಯಲಿನ ಜ್ವರ ಧೂಳುಗಳಿಂದ ಬಳಲಿ ಬಂದ ಮೂವತ್ತು ವರ್ಷದ ಒಬ್ಬ ಅಧಿಕಾರಿಯು ಇಲ್ಲಿಯೇ ಇದ್ದುಬಿಡೋಣವೆಂದುಕೊಂಡದ್ದು ನನಗೆ ಸುಲಭವಾಗಿ ಅರ್ಥವಾಯಿತು.

ಅವರು ಸುಮ್ಮನಿದ್ದವರಲ್ಲ. ಸಿರುಮುಗೈಯಿಂದ ಈ ಕಡೆಗೆ ಘಟ್ಟದ ದಾರಿಯನ್ನು ಕಡಿಸಿದರು. ಆಲೂಗಡ್ಡೆ, ಕೋಸು, ಸೇಬು ಮುಂತಾದುವನ್ನು ತರಿಸಿ ಬೆಳೆಸಿದರು. ನಂಜನಗೂಡಿನ ಸಂತೆಯಲ್ಲಿ "ಊಟಿ ಕ್ಯಾರೆಟ್ಟು, ಊಟಿ ಬೀಟ್‌ರೂಟು" ಎಂದು ಕೂಗುವಾಗ ಆ ಕೂಗಿನ ಮೂಲವು ಇಲ್ಲಿಯೇ ಎಲ್ಲಿಯೋ ಇದೆ. ೧೮೨೨ರಲ್ಲಿ ಉದಕಮಂಡಲದಲ್ಲಿ ಕಲ್ಲಿನ ಮನೆಯನ್ನು ಕಟ್ಟತೊಡಗಿದರು; ತೋಡರಿಂದ ಭೂಮಿಯನ್ನು ಎಕರೆಗೆ ಒಂದು ರೂಪಾಯಿಯಂತೆ ಕೊಂಡರೆಂದು ಹೇಳುತ್ತಾರೆ. ಆ ಮನೆಯು ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ.

ಬಂಗಲೆಯಿಂದ ಹೊರಬಂದು ಮೆಟ್ಟಿಲ ಮೇಲೆ ಕುಳಿತಿದ್ದಾಗ, ಕೆಳಗಿನ ಮನೆಯಿಂದ ಬಡಗರ ಮುದುಕಿಯೊಬ್ಬಳು, ಬಿಳಿಯ ವಸ್ತ್ರವನ್ನು ಮೈಗೂ ತಲೆಗೂ ಸುತ್ತಿಕೊಂಡವಳು, ನಮ್ಮನ್ನು ನೋಡಿ ಬಂದಳು. ಬಡಗರೆಂದರೆ ಬಡಗಣ ದಿಕ್ಕಿನಿಂದ, ಎಂದರೆ ನಮ್ಮ ಮೈಸೂರು ಸೀಮೆಯಿಂದ, ವಿಜಯನಗರವು ಹಾಳಾದ ಕಾಲದ ಸುಮಾರಿನಲ್ಲಿ ಬೆಟ್ಟವನ್ನು ಹತ್ತಿದವರೆಂದು ಪ್ರತೀತಿ. ಅವರ ಮಾತು ಕನ್ನಡದ ತಂಗಿ. ಹಾಲಿಗೆ ಹಾಲೆಂದೂ, ಹತ್ತಕ್ಕೆ ಹತ್ತೆಂದೂ, ಊರಿಗೆ ಹಟ್ಟಿಯೆಂದೂ ಆಡುತ್ತಾರೆ. ಆಕೆಯು ತನ್ನ ಮಾತಿನಲ್ಲಿಯೂ ಮನೆಯಾಕೆಯು ಹುಣಸೂರಿನ ಕನ್ನಡದಲ್ಲಿಯೂ ಅರ್ಧ ಗಂಟೆ ಮಾತನಾಡಿದರು. ಮಧ್ಯೆ ದುಭಾಷಿಯು ಬೇಕಾಗಲಿಲ್ಲ. ವ್ಯಾಕರಣವನ್ನು ಓದಿದ ನನಗೆ ಮಾತ್ರ ಅಲ್ಲಲ್ಲಿ ತಡವರಿಸಬೇಕಾಯಿತು.

ಈ ಮನೆಯನ್ನು ಕಟ್ಟಿದವರು ಯಾರೆಂದು ಕೇಳಿದೆನು. ಮುದುಕಿಯು ಹೇಳಿದ್ದು ಹೀಗೆ: "ದೊರೆ ಕಟ್ಟಿಸಿದ. ಕಲ್ಲು ಹೊತ್ತವರು ನಮ್ಮವರು. ನಮ್ಮ ಹಟ್ಟಿ ಮೊದಲು, ಬಂಗಲೆ ಆಮೇಲೆ." ಸ್ವಲ್ಪ ತಡೆದು, "ಒಳ್ಳೆಯವನೇ ಅಂತೆ. ಆಲೂಗಡ್ಡೆ ಕೊಟ್ಟ" ಎಂದಳು. ಸಿಟ್ಟಿಲ್ಲದೆಯೂ ಭಕ್ತಿಯಿಲ್ಲದೆಯೂ, ನೆರೆಮನೆಯಲ್ಲಿ ಕೆಲವು ಕಾಲವಿದ್ದು ಹೋದವರ ವಿಷಯವನ್ನು ಹೇಳುವಂತೆ ಹೇಳಿದಳು.

ಮುದುಕಿಯ ಮಾತಿಗೆ ದಾಖಲೆಯಲ್ಲಿಯೂ ಆಧಾರವಿದೆ. ಬೆಟ್ಟದ ನೆಲವು ತೋಡರದೆಂದೂ, ಅದನ್ನು ಅವರಿಗೆ ಪ್ರತಿಫಲವಿಲ್ಲದೆ ತೆಗೆದುಕೊಳ್ಳುವುದು ಅನ್ಯಾಯವೆಂದೂ ಸರ್ಕಾರದೊಡನೆ ವಾದಿಸಿದವರು ಈ ಸಲ್ಲಿವನ್ನರೇ. ಅವರ ಮೇಲಿನವರೂ ಸಂಗಡಿಗರೂ ಇದನ್ನು ಒಪ್ಪಲಿಲ್ಲ. ಸ್ವಂತಕ್ಕೆ ಬಹಳ ನೆಲವನ್ನು ಮಾಡಿಕೊಂಡಿದ್ದಾರೆಂದು ಅವರ ಮೇಲೆಯೇ ದೂರುಗಳು ಹುಟ್ಟಿದುವು; ಆ ದೂರುಗಳು ಪೂರ್ತಿ ಸುಳ್ಳೆಂದು ಹೇಳುವಂತೆಯೂ ಇಲ್ಲ. ಮುಂದೆ ಉದಕಮಂಡಲವು ದಂಡಿನ ಅಧಿಕಾರಿಗಳ ಕೈಗೆ ಹೋಗಿ, ೧೮೩೦ರಲ್ಲಿ ಇವರು ಕಲೆಕ್ಟರ ಪದವಿಯನ್ನು ಬಿಟ್ಟರು. ದೇಶಸ್ಥರಿಗೆ ಆಡಳಿತದಲ್ಲಿ ಸ್ಥಾನ ಕೊಡಬೇಕೆಂದು ಹೇಳುತ್ತ ಬಂದವರೂ ಇವರೇ. ಕಂಪೆನಿಯ ಆಳ್ವಿಕೆಯನ್ನು ಇವರು ಒಂದು ಹೀರುವ ಸ್ಪಂಜಿಗೆ ಹೋಲಿಸಿದ್ದರು: ಗಂಗೆಯ ದಡದಲ್ಲಿ ಒಳ್ಳೆಯದನ್ನೆಲ್ಲ ಹೀರಿ ಥೇಮ್ಸ್ ನದಿಯ ದಡದಲ್ಲಿ ಹಿಂಡುವಂಥದೆಂದು ಅದರ ಭಾವ. ಎಕರೆಗೆ ಒಂದು ರೂಪಾಯಿ ಕೊಟ್ಟವರೂ ಇವರೇ, ಸ್ಪಂಜಿನ ಮಾತನ್ನು ಆಡಿದವರೂ ಇವರೇ. ಈ ಮನುಷ್ಯರನ್ನು ನಾನು ಒಂದು ಅಂಕದ ಉತ್ತರವಾಗಿ ಮಾಡಿದ್ದೆನಲ್ಲವೇ! ಅನ್ಯಾಯವು ಹಾಡಿಯ ಹುಡುಗನೊಬ್ಬನಿಗೇ ಆದದ್ದಲ್ಲವೆಂದು ಆ ಮೆಟ್ಟಿಲ ಮೇಲೆ ತೋರಿತು.

ಮೂರನೆಯ ದಿನದ ಬೆಳಗ್ಗೆ ಸಂತ ಸ್ಟೀಫನರ ದೇವಾಲಯಕ್ಕೆ ಹೋದೆವು. ಇದರ ಅಸ್ತಿಭಾರವು ೧೮೨೯ರ ಏಪ್ರಿಲ್ ೨೩ರಂದು ಬಿದ್ದಿತು. ಒಳಗಿನ ಭಾರಿ ತೊಲೆಗಳು ನಮ್ಮ ಶ್ರೀರಂಗಪಟ್ಟಣದ ಲಾಲ್ ಮಹಲ್ ಅರಮನೆಯವು; ಅರಮನೆಯನ್ನು ಕೆಡವಿದ ಮೇಲೆ ಮರವನ್ನು ಘಟ್ಟದ ಮೇಲಕ್ಕೆ ಸಾಗಿಸಿ ತಂದರು. ಸುಲ್ತಾನನ ಮನೆಯ ಮರವು ಇಂಗ್ಲಿಷರ ದೇವರ ಮನೆಯನ್ನು ಹೊತ್ತುಕೊಂಡು ಸುಮಾರು ಇನ್ನೂರು ವರ್ಷಗಳಿಂದ ನಿಂತಿದೆ. ಮೈಸೂರಿನವರು ಉದಕಮಂಡಲಕ್ಕೆ ಹೋದರೆ ಕೆರೆಯಲ್ಲಿ ದೋಣಿಯನ್ನು ಏರದಿದ್ದರೂ ಸರಿ, ಆ ತೊಲೆಗಳನ್ನು ಒಮ್ಮೆ ತಲೆಯೆತ್ತಿ ನೋಡಬೇಕು.

ದೇವಾಲಯದ ಹಿಂದೆ ಇಳಿಜಾರಿನಲ್ಲಿ ಸಮಾಧಿಗಳಿವೆ. ಅಲ್ಲಿ ಸಲ್ಲಿವನ್ನರ ಪತ್ನಿ ಹೆನ್ರಿಯೆಟ್ಟ ಹಾಗೂ ಮಗಳು ಹ್ಯಾರಿಯೆಟ್ ಮಲಗಿದ್ದಾರೆ. ಈ ಬೆಟ್ಟಕ್ಕೆ ಬಂದ ಮೊದಲ ಐರೋಪ್ಯ ಸ್ತ್ರೀಯೇ ಆಕೆಯೆಂದು ಹೇಳುವರು. ಇಬ್ಬರೂ ೧೮೩೮ರಲ್ಲಿ ತೀರಿಕೊಂಡರು. ಮೂರು ವರ್ಷಗಳ ತರುವಾಯ ಸಲ್ಲಿವನ್ನರು ಕೆಲಸವನ್ನು ಬಿಟ್ಟು ಸ್ವದೇಶಕ್ಕೆ ಹೋದರು. ೧೮೫೫ರಲ್ಲಿ ಅಲ್ಲಿಯೇ ಮೃತರಾದರು. ಅವರ ಸಮಾಧಿಯು ಇಂಗ್ಲೆಂಡಿನಲ್ಲಿದೆ. ಆರೋಗ್ಯಕ್ಕಾಗಿ ಕಟ್ಟಿದ ಊರು, ಹವೆಗಾಗಿ ಹುಡುಕಿದ ಬೆಟ್ಟ. ಹೆಂಡತಿಯೂ ಮಗಳೂ ಉಳಿಯಲಿಲ್ಲ.

ಮನೆಯಾಕೆಯು ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು. ನಮ್ಮ ಮೊದಲ ಮಗಳನ್ನು ನಾಲ್ಕು ವರ್ಷದ ಪ್ರಾಯದಲ್ಲಿ ಜ್ವರದಿಂದ ಕಳೆದುಕೊಂಡವರು ನಾವು. ಆ ಊರಿನಲ್ಲಿ ನಾನು ಮೂರೇ ವರ್ಷ ಕೆಲಸ ಮಾಡಿದೆನು. ವರ್ಗವಾದ ಮೇಲೆ ಒಂದು ಸಲವೂ ಅಲ್ಲಿಗೆ ಹೋಗಲಿಲ್ಲ. ಅವಳು ಅದನ್ನು ಹೇಳಲಿಲ್ಲ. "ಪಾಪ, ಆತ ಇಬ್ಬರನ್ನೂ ಇಲ್ಲೇ ಬಿಟ್ಟು ಹಡಗು ಹತ್ತಬೇಕಾಯಿತಲ್ಲ" ಎಂದಷ್ಟೇ ಹೇಳಿ, ತಲೆಯಲ್ಲಿ ಮುಡಿದಿದ್ದ ಸೇವಂತಿಗೆಯನ್ನು ತೆಗೆದು ಕಲ್ಲಿನ ಮೇಲಿಟ್ಟಳು. ಪ್ರತಿಮೆಯ ಮುಂದೆ ನನಗೆ ಬಾರದಿದ್ದ ಗೌರವವು ಅಲ್ಲಿ ಬಂದಿತು.

ಹೊರಡುವ ಮುನ್ನ ಮತ್ತೊಮ್ಮೆ ಸಸ್ಯೋದ್ಯಾನವನ್ನು ಹೊಕ್ಕು, ಈ ಸಲ ಹೂವಿನ ಪಾತಿಗಳನ್ನು ಬಿಟ್ಟು ಮೇಲ್ತುದಿಯವರೆಗೆ ಹತ್ತಿದೆವು. ಉದ್ಯಾನದ ಎತ್ತರದಲ್ಲಿ ತೋಡರ ಮಂದೊಂದು ಇಂದಿಗೂ ಇದೆ. ಎಷ್ಟೋ ಯಾತ್ರಿಕರು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಅರ್ಧಕ್ಕೆ ಸೀಳಿದ ಪೀಪಾಯಿಯನ್ನು ಬೋರಲು ಹಾಕಿದಂತೆ ಬಾಗಿದ ಚಾವಣಿ, ಮಂಡಿಯೂರಿ ನುಗ್ಗಬೇಕಾದಷ್ಟು ಚಿಕ್ಕ ಬಾಗಿಲು. ತೋಡರು ಈಗ ಒಟ್ಟು ಸುಮಾರು ಎರಡು ಸಾವಿರ ಜನ. ಅಂಗಳದಲ್ಲಿ ಒಬ್ಬ ಹೆಂಗಸು ಬಿಳಿಯ ಬಟ್ಟೆಯ ಮೇಲೆ ಕೆಂಪು ಕಪ್ಪು ನೂಲಿನಿಂದ ಕಸೂತಿಯನ್ನು ಹಾಕುತ್ತಿದ್ದಳು. ಎಳೆಗಳನ್ನು ಎಣಿಸಿಕೊಂಡೇ ಹಾಕುತ್ತಾರೆ, ಮೊದಲು ಗೆರೆಯನ್ನು ಬರೆದುಕೊಳ್ಳುವುದಿಲ್ಲ. ಬೇಲಿಯಾಚೆ ಮೂರು ಎಮ್ಮೆಗಳು ಮೇಯುತ್ತಿದ್ದುವು. ಕೊಂಬುಗಳು ಎರಡು ಬದಿಗೂ ಅಗಲವಾಗಿ ಹರಡಿ ಮೇಲಕ್ಕೆ ತಿರುಗಿದ್ದ, ದಪ್ಪ ಮೈಯ, ನಮ್ಮ ಕಡೆಯಲ್ಲಿ ಕಾಣದ ಜಾತಿ. ಅವುಗಳಲ್ಲಿ ಒಂದು ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿತು. ಎಮ್ಮೆಯ ಬಾಲದ ನನ್ನ ಹಾಸ್ಯವು ನೆನಪಾಗಿ ನಾನೇ ಮುಖವನ್ನು ತಿರುಗಿಸಿದೆನು.

ಊರಿಗೆ ಬಂದ ಎಂಟು ದಿನಗಳ ಮೇಲೆ ಹುಣಸೂರಿಗೆ ಹೋಗಿ ಕೋಟೆಯ ಬಸ್ಸನ್ನು ಹತ್ತಿದೆನು. ಹಾಡಿಯು ಮೊದಲ ಜಾಗದಲ್ಲಿರಲಿಲ್ಲ. ಕಾಡಿನಿಂದ ಹೊರಕ್ಕೆ, ರಸ್ತೆಯ ಬದಿಗೆ ಬಂದಿದ್ದಿತು. ವಿಚಾರಿಸಿ ಮನೆಯನ್ನು ಕಂಡುಕೊಂಡೆನು. ಅವನು ಹೆಂಡತಿಯೊಡನೆ ಕಾಫಿಹಣ್ಣು ಕೀಳಲು ಕೊಡಗಿಗೆ ಹೋಗಿದ್ದನು, ಶಿವರಾತ್ರಿಯ ಹೊತ್ತಿಗೆ ಬರುವನಂತೆ. ಮನೆಯಲ್ಲಿ ಅವನ ಮುದಿತಾಯಿಯೂ, ಹನ್ನೆರಡು ವರ್ಷದ ಮಗಳೂ ಇದ್ದರು. ಮಗು ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ನಾನು ಯಾರೆಂದು ಹೇಳಿದೆನು. ಪ್ರಶ್ನೆಪುಸ್ತಕದ ಆ ಪುಟವನ್ನು ತೆಗೆದುಕೊಂಡು ಹೋಗಿದ್ದೆನು. ಅದರಲ್ಲಿ ನನ್ನ ಉತ್ತರದ ಕೆಳಗೆ ಅವಳ ತಂದೆಯ ಉತ್ತರವನ್ನೂ ಬರೆದು, ಸರಿಯೆಂದು ಗುರುತು ಮಾಡಿದ್ದೆನು.

"ಇದನ್ನು ನಿಮ್ಮಪ್ಪನಿಗೆ ಕೊಡಮ್ಮಾ. ಮೇಷ್ಟರು ಆ ದಿನ ತಪ್ಪು ತಿದ್ದಿದ್ದರು, ಈಗ ಸರಿಮಾಡಿದ್ದಾರೆ ಎಂದು ಹೇಳು."

ಮಗುವು ಕಾಗದವನ್ನು ಎರಡು ಸಲ ಓದಿತು. "ಎಷ್ಟಕ್ಕೆ ಎಷ್ಟು ಸಾರ್?" ಎಂದು ಕೇಳಿತು.

"ಒಂದಕ್ಕೆ ಒಂದು" ಎಂದೆನು.

ಅವಳು ಅದನ್ನು ಮಡಿಸಿ ತನ್ನ ಪಾಠಪುಸ್ತಕದೊಳಗೆ ಇಟ್ಟಳು. ಅಜ್ಜಿಯು ಒಳಗಿನಿಂದ ರಾಗಿಯ ಅಂಬಲಿಯನ್ನು ತಂದುಕೊಟ್ಟಳು. ಕುಡಿದು, ಸಂಜೆಯ ಬಸ್ಸಿಗೆ ಹೊರಟೆನು.